ಭಾನುವಾರ ಬೇಡ ಅಣ್ಣಾ, ಶುಕ್ರವಾರ ಬಾ

ಅಣ್ಣಾ, ವೈನಿ, ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ ಅಣ್ಣಾ. ಭಾನುವಾರ ಶಹಾಪುರದಿಂದ ಗಾಡಿ ಮಾಡಿಕೊಂಡು ಎಲ್ಲರೂ ಬರುತ್ತೇವೆ, ಮಗಳಿಗೆ ಕಲಬುರಗಿಯ ಕಾಲೇಜುಗಳನ್ನೆಲ್ಲ ಒಂದೇ ದಿನ ತೋರಿಸಿಬಿಡೋಣ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಅದರ ಕೆಳಗೆ ಕಾಕಾ ಆರು ಹೆಸರು ಹಾಕಿದ್ದಾರೆ. ಇದನ್ನೆಲ್ಲ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ. ಪುರಸೊತ್ತು ಸಿಕ್ಕಾಗ ಕೇಳಿ.

ಮೊದಲು ಭಾನುವಾರದ ಮಾತು. ಭಾನುವಾರ ಕಾಲೇಜಿಗೆ ಹೋದರೆ ಸಿಗುವುದು ಗೇಟು, ವಾಚ್‌ಮನ್, ಬೀಗ ಹಾಕಿದ ಲ್ಯಾಬು. ಪಾಠ ಹೇಳುವವರು ಇರಲ್ಲ, ಓದುವ ಮಕ್ಕಳೂ ಇರಲ್ಲ. ಶುಕ್ರವಾರ ಬನ್ನಿ. ಅಂಗಡಿ ಒಂದು ದಿನ ಮುಚ್ಚಬೇಕಾಗುತ್ತೆ, ಗೊತ್ತು. ಆದರೂ ನಾಲ್ಕು ವರ್ಷದ ಮಾತು ಅಣ್ಣಾ ಇದು. ಬರುವ ಮೊದಲು ಕಾಲೇಜಿನ ಆಫೀಸಿಗೆ ಒಂದು ಫೋನ್ ಮಾಡಿ, ಕ್ಲಾಸ್ ನಡೆಯುತ್ತಿವೆಯಾ, ಪರೀಕ್ಷೆ ಇದೆಯಾ, ರಜೆ ಬಿಟ್ಟಿದ್ದಾರಾ ಅಂತ ಕೇಳು. ಪರೀಕ್ಷೆ ಇದ್ದರೂ ಪರವಾಗಿಲ್ಲ, ಮಕ್ಕಳು ಇರುತ್ತಾರೆ. ರಜೆ ಇದ್ದರೆ ಮಾತ್ರ ಬೇರೆ ದಿನ ನೋಡೋಣ.

ಎರಡನೆಯದು, ಆರು ಕಾಲೇಜು ಆಗಲ್ಲ. ಕಾಕಾ, ನೀವು ಪ್ರೀತಿಯಿಂದ ಹಾಕಿದ್ದೀರಿ, ಬೇಜಾರು ಮಾಡ್ಕೋಬೇಡಿ. ಗುಲಬರ್ಗಾ ವಿಶ್ವವಿದ್ಯಾಲಯ ನಮ್ಮ ಹೆಮ್ಮೆ, 1980ರಿಂದ ಇದೆ. ಆದರೆ ಆ ಜ್ಞಾನಗಂಗಾ ಆವರಣದಲ್ಲಿ ನಡೆಯುವುದು ಹೆಚ್ಚಾಗಿ ಎಂ.ಎ., ಎಂ.ಎಸ್ಸಿ. ಓದು. ನಮ್ಮ ಹುಡುಗಿಗೆ ಈಗ ಅದಲ್ಲ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಛಲೋನೇ ಇದೆ, 2009ರಲ್ಲಿ ಆದದ್ದು. ಆದರೆ ಅಲ್ಲಿನ ಬಿ.ಎ., ಬಿ.ಎಸ್ಸಿ. ಸೀಟಿಗೆ ಸಿಯುಇಟಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆದಿರಬೇಕು, ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಕೊಟ್ಟ ರ‍್ಯಾಂಕ್ ನಡೆಯಲ್ಲ. ಕಲಬುರಗಿಯಿಂದ ಆಳಂದ ರಸ್ತೆಯಲ್ಲಿ ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತೆ. ಮೆಡಿಕಲ್ ಕಾಲೇಜಿನ ಹೆಸರೂ ಇದೆ ಪಟ್ಟಿಯಲ್ಲಿ. ಅವಳು ನೀಟ್ ಬರೆದಿಲ್ಲ ಅಲ್ವಾ ಕಾಕಾ. ಅದನ್ನು ತೋರಿಸಿ ಸುಮ್ನೆ ಅವಳ ಮನಸ್ಸು ಕದಡುವುದು ಬೇಡ.

ಎರಡೇ ಸಾಕು. ಬೆಳಿಗ್ಗೆ ಪಿಡಿಎ ಇಂಜಿನಿಯರಿಂಗ್ ಕಾಲೇಜು, ಮಧ್ಯಾಹ್ನದ ಮೇಲೆ ಶರಣಬಸವ ವಿಶ್ವವಿದ್ಯಾಲಯದ ಇಂಜಿನಿಯರಿಂಗ್. ಒಂದು 1958ರದು, ನಮ್ಮ ಭಾಗದ ಹಳೇ ಕಾಲೇಜು. ಇನ್ನೊಂದು ವಿಶ್ವವಿದ್ಯಾಲಯ ಆಗಿದ್ದೇ 2017ರಲ್ಲಿ. ಹಳೆಯದು, ಹೊಸದು ಎರಡನ್ನೂ ಒಂದೇ ದಿನ ನೋಡಿದರೆ ಹೋಲಿಸುವುದಕ್ಕೆ ಅವಳಿಗೇ ಸುಲಭ. ಬೀದರಿನ ಗುರು ನಾನಕ್ ದೇವ್ ಕಾಲೇಜು ಪಟ್ಟಿಯಲ್ಲಿ ಉಳಿದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳೋಣ. ಈಗ ಕಲಬುರಗಿಯಿಂದ ಬೀದರಿಗೆ ಹುಮನಾಬಾದ್ ಮೇಲೆ ರೈಲೂ ಇದೆ, ನಾನೇ ಅವಳ ಜೊತೆ ಹೋಗಿ ಬರುತ್ತೇನೆ. ಇನ್ನು ಬಿ.ಎಸ್ಸಿ. ಅಗ್ರಿ ಅಂತ ಅವಳು ಒಂದು ಸಲ ಅಂದಿದ್ದಳಲ್ಲ, ಅದನ್ನು ಮರೆಯಬೇಡಿ. ಭೀಮರಾಯನಗುಡಿ ಕೃಷಿ ಕಾಲೇಜು ನಿಮ್ಮ ಮನೆ ಬಾಗಿಲಲ್ಲೇ ಇದೆ. ಅದೂ ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದೇ. ಈ ವಾರದಲ್ಲೇ ಒಂದು ಬೆಳಿಗ್ಗೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗು. ಹತ್ತಿರ ಇರುವುದನ್ನು ನೋಡದೆ ದೂರದ್ದಕ್ಕೆ ಓಡುವುದು ನಮ್ಮ ಮನೆಯಲ್ಲಿ ಜಾಸ್ತಿ.

ಈಗ ನಾನು ಹೇಳಬೇಕು ಅಂತ ಕೂತಿರುವ ಮಾತಿಗೆ ಬರುತ್ತೇನೆ. ಅಣ್ಣಾ, ರ‍್ಯಾಂಕ್ ಬಂದಿದೆ, ಇನ್ನು ಕೆಇಎದವರು ಆಪ್ಷನ್ ಎಂಟ್ರಿ ತೆರೆಯುತ್ತಾರೆ. ಅಲ್ಲಿ ಕಾಲೇಜು, ಬ್ರಾಂಚು ಯಾವ ಕ್ರಮದಲ್ಲಿ ಹಾಕುತ್ತೇವೋ ಆ ಕ್ರಮದಲ್ಲೇ ಮೇಲಿನಿಂದ ನೋಡುತ್ತಾ ಬಂದು, ರ‍್ಯಾಂಕಿಗೆ ಮೊದಲು ಸಿಗುವ ಸೀಟು ಕೊಡುತ್ತಾರೆ. ಮೇಲೆ ಹಾಕಿದ್ದು ಸಿಕ್ಕರೆ ಕೆಳಗಿನವು ಹೋದವು ಅಂತಲೇ. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಒಂದನೆಯದು ಇದೇ ಸಾಕು ಅಂತ ಸೇರಿಕೊಳ್ಳುವುದು. ಎರಡನೆಯದು ಸೀಟು ಹಿಡಿದುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದು ಬಿಟ್ಟು ಕಾಯುವುದು, ನಾಲ್ಕನೆಯದು ಹೊರಗೆ ಬಂದುಬಿಡುವುದು. ಅದನ್ನು ಆರಿಸುವುದಕ್ಕೆ ಸಿಗುವ ದಿನ ಬಹಳ ಕಡಿಮೆ. ಆಗ ಮನೆಯಲ್ಲಿ ಹತ್ತು ಜನ ಹತ್ತು ಮಾತಾಡುತ್ತಾರೆ. ಅವಳು ಕಣ್ಣಾರೆ ನೋಡಿ ಗಟ್ಟಿ ಮಾಡಿಕೊಂಡಿದ್ದರೆ ಮಾತ್ರ ಆ ಗಲಾಟೆಯಲ್ಲಿ ನಿಲ್ಲುತ್ತಾಳೆ. ಅದಕ್ಕೇ ನೀವು ಶುಕ್ರವಾರ ರಾತ್ರಿ ವಾಪಸ್ ಹೋಗುವಾಗ ಅವಳ ಕೈಬರಹದಲ್ಲಿ ಒಂದು ಪಟ್ಟಿ ಇರಬೇಕು. ಮೇಲೆ ಯಾವುದು, ಅದರ ಕೆಳಗೆ ಯಾವುದು, ಯಾಕೆ. ಇಡೀ ದಿನ ಓಡಾಡುವುದೇ ಆ ಒಂದು ಹಾಳೆಗೋಸ್ಕರ.

ಅದು ಆಗಬೇಕೆಂದರೆ ನಾವು ದೊಡ್ಡವರು ಸ್ವಲ್ಪ ಹಿಂದೆ ಸರಿಯಬೇಕು. ಬಹಳ ಮನೆಯವರು ಕಾಲೇಜಿಗೆ ಬರುವುದನ್ನು ನಾನು ನೋಡಿದ್ದೇನೆ. ಅಪ್ಪ ಮುಂದೆ, ಮಾವ ಪಕ್ಕದಲ್ಲಿ, ಹುಡುಗಿ ಎಲ್ಲರಿಗಿಂತ ಹಿಂದೆ, ಕೈಯಲ್ಲಿ ಫೈಲು ಹಿಡಿದುಕೊಂಡು. ಆಫೀಸಿನವರು ‘ಏನಮ್ಮಾ ಯಾವ ಬ್ರಾಂಚ್ ಬೇಕು?’ ಅಂತ ಅವಳನ್ನೇ ಕೇಳಿದರೂ ಅಪ್ಪನೇ ಉತ್ತರ ಕೊಡುತ್ತಾನೆ. ನಮ್ಮ ಹುಡುಗಿ ನಿನ್ನ ಮುಂದೆ ಬಾಯಿ ಬಿಡಲ್ಲ ಅಣ್ಣಾ, ನಿನಗೂ ಗೊತ್ತು. ನನಗೆ ಫೋನ್ ಮಾಡಿದರೆ ಗಂಟೆಗಟ್ಟಲೆ ಮಾತಾಡುತ್ತಾಳೆ. ಕಂಪ್ಯೂಟರ್ ಸೈನ್ಸ್ ಎಲ್ಲರೂ ಹೇಳುತ್ತಾರೆ ಅತ್ತಿ, ಆದರೆ ನನಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ಹೇಗಿರುತ್ತೆ ನೋಡಬೇಕು ಅಂತಾಳೆ. ಆ ಮಾತು ನಿಮ್ಮ ಕಿವಿಗೆ ಬಿದ್ದಿದೆಯೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ. ಅವಳಿಗೂ ಹೇಳಿಯೇ ಹೇಳುತ್ತಿದ್ದೇನೆ.

ಹಾಗಾಗಿ ಪ್ರತಿ ಕಾಲೇಜಿನಲ್ಲಿ ಅರ್ಧ ಗಂಟೆಯಾದರೂ ಅವಳನ್ನು ಬಿಟ್ಟುಬಿಡಿ. ನೀನು, ವೈನಿ, ಕಾಕಾ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಕೂತಿರಿ. ನನ್ನ ಮಗಳು ಅವಳ ಜೊತೆ ಹೋಗುತ್ತಾಳೆ. ಇಬ್ಬರೂ ಹುಡುಗಿಯರು ಅಲ್ವಾ, ಸೀನಿಯರ್ ಹುಡುಗಿಯರ ಜೊತೆ ಸಲೀಸಾಗಿ ಮಾತಾಡುತ್ತಾರೆ. ನಮ್ಮ ಮುಂದೆ ಆ ಮಕ್ಕಳು ‘ಎಲ್ಲಾ ಛಲೋ ಇದೆ ಆಂಟಿ’ ಅಂತಾರೆ. ತಮ್ಮ ಓರಗೆಯವರ ಮುಂದೆ ಖರೆ ಹೇಳುತ್ತಾರೆ. ಲ್ಯಾಬಿನಲ್ಲಿ ಒಂದು ಯಂತ್ರದ ಮುಂದೆ ಎಷ್ಟು ಜನ ನಿಲ್ಲುತ್ತಾರೆ, ಕೈಯಿಂದ ಮಾಡಲು ಬಿಡುತ್ತಾರಾ ಇಲ್ಲ ನೋಡಿ ಬರೆದುಕೊಳ್ಳುವುದಷ್ಟೇನಾ, ಪಾಠ ಅರ್ಥ ಆಗದಿದ್ದರೆ ಯಾವ ಮೇಡಂ ಹತ್ತಿರ ಹೋಗಬಹುದು, ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್ ಹೇಗೆ ದಾಟಿದರು. ಈ ಕೊನೆಯದನ್ನು ಅವಳು ಕೇಳಲೇಬೇಕು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ಒಳಗೊಳಗೆ ಅವಳಿಗೆ ಅದರದ್ದೇ ಹೆದರಿಕೆ. ಅದೇ ದಾರಿಯಲ್ಲಿ ಬಂದ ಒಬ್ಬ ಹುಡುಗಿ ಸಿಕ್ಕು ಮಾತಾಡಿದರೆ ಅರ್ಧ ಭಾರ ಇಳಿಯುತ್ತೆ.

ನಿನ್ನ ಪಾಲಿಗೂ ಕೆಲಸ ಇದೆ ಅಣ್ಣಾ. ಆಫೀಸಿನಲ್ಲಿ ಕೇಳುವ ಪ್ರಶ್ನೆ ನಿನ್ನದು. ಪ್ಲೇಸ್‌ಮೆಂಟ್ ಅಂತ ದೊಡ್ಡ ಬೋರ್ಡ್ ಹಾಕಿರುತ್ತಾರೆ, ಒಬ್ಬರಿಗೆ ಸಿಕ್ಕ ದೊಡ್ಡ ಸಂಬಳ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ನೋಡಿ ಮರುಳಾಗಬೇಡ. ಈ ಬ್ರಾಂಚಿನಲ್ಲಿ ಎಷ್ಟು ಮಕ್ಕಳು ಪಾಸಾದರು, ಅದರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಂಬಳದ ಸಾಲಿನಲ್ಲಿ ಸರಿ ನಡುವೆ ನಿಲ್ಲುವವನ ಸಂಬಳ ಎಷ್ಟು, ಮೂರು ವರ್ಷದ ಲೆಕ್ಕ ಕೊಡಿ ಅಂತ ಕೇಳು. ಕಾಲೇಜು ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಮಾಹಿತಿ ಕೊಟ್ಟಿದ್ದರೆ ಈ ನಡುವಿನ ಸಂಬಳದ ಲೆಕ್ಕ ಅದರಲ್ಲೇ ಸಿಗುತ್ತೆ. ಇನ್ನೊಂದು, ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್ ಮಾನ್ಯತೆ ಕೊಡುವುದು ಇಡೀ ಕಾಲೇಜಿಗೆ. ಎನ್‌ಬಿಎ ಮಾನ್ಯತೆ ಕೊಡುವುದು ಒಂದೊಂದು ಬ್ರಾಂಚಿಗೆ, ಅದಕ್ಕೂ ಅವಧಿ ಇರುತ್ತೆ. ಕಾಲೇಜಿಗೆ ಎನ್‌ಬಿಎ ಇದೆ ಅಂದರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಅಂತ ಕೇಳು. ನಮಗೆ ಬೇಕಾದ ಬ್ರಾಂಚಿನ ಹೆಸರು ಅವರ ಬಾಯಲ್ಲಿ ಬರಬೇಕು.

ಕಟಾಫ್ ನೋಡುವಾಗಲೂ ಹುಷಾರು. ಕೆಇಎ ಪಟ್ಟಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರ ಕಟಾಫ್ ಬೇರೆ ಇರುತ್ತೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿನ ಕಾಲೇಜುಗಳಲ್ಲಿ 70% ಸೀಟು ನಮ್ಮ ಭಾಗದ ಮಕ್ಕಳಿಗೆ. ಬೆಂಗಳೂರು, ಮೈಸೂರು ಕಡೆಯ ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ 8%. ನಮ್ಮ ಹಿರಿಯರು ಎಷ್ಟೋ ವರ್ಷ ಬಡಿದಾಡಿ ತಂದದ್ದು ಅದು, ನಮ್ಮ ಹುಡುಗಿ ಅದರ ಪೂರಾ ಉಪಯೋಗ ಪಡೆಯಬೇಕು. ಎಸಿ, ಅಂದರೆ ಉಪವಿಭಾಗಾಧಿಕಾರಿ ಕಚೇರಿಯಿಂದ ಮಾಡಿಸಿದ 371(ಜೆ) ಪ್ರಮಾಣಪತ್ರ ಇದೆ ಅಲ್ವಾ? ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಇದೆಯಾ ಇವತ್ತೇ ನೋಡು. ಕನ್ನಡ ಮಾಧ್ಯಮದ್ದು, ಗ್ರಾಮೀಣದ್ದು, ಅವೂ ಜೊತೆಗಿರಲಿ.

ಆದರೆ ಶುಕ್ರವಾರ ಬರುವಾಗ ಎಲ್ಲದರ ಜೆರಾಕ್ಸ್ ಮಾತ್ರ ತಾ. ಮೂಲ ಕಾಗದ ಮನೆಯಲ್ಲೇ ಬಿಡು. ಕಾಲೇಜಿನ ಹೊರಗೆ ‘ಸೀಟು ಮಾಡಿಸಿಕೊಡುತ್ತೇನೆ, ಸ್ವಲ್ಪ ಅಡ್ವಾನ್ಸ್ ಕೊಡಿ, ಒರಿಜಿನಲ್ ಕೊಟ್ಟಿರಿ’ ಅನ್ನುವವರು ಸಿಗುತ್ತಾರೆ. ನಮಸ್ಕಾರ ಹೇಳಿ ಮುಂದೆ ನಡಿ. ಕಾಲೇಜಿನವರೇ ಆದರೂ ಮೂಲ ಅಂಕಪಟ್ಟಿ ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ನೋಡಿ ವಾಪಸ್ ಕೊಡಬೇಕು. ಫೀಸಿನ ಮಾತು ಬಂದಾಗ ಕೆಇಎ ಫೀಸು ಬಿಟ್ಟು ಬೇರೆ ಏನೇನು ಕಟ್ಟಬೇಕು, ಅದಕ್ಕೆಲ್ಲ ರಸೀದಿ ಕೊಡುತ್ತೀರಾ ಅಂತ ಕೇಳಿ ಬರೆಸಿಕೋ. ಸ್ಕಾಲರ್‌ಶಿಪ್ ಅರ್ಜಿಯನ್ನು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಹಾಕುವುದಕ್ಕೆ ಕಾಲೇಜಿನಲ್ಲಿ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಕೇಳು.

ವೈನಿ, ಹಾಸ್ಟೆಲ್ ನಿಮಗೆ ಬಿಟ್ಟದ್ದು. ಅಣ್ಣನಿಗೆ ಹುಡುಗಿಯರ ಹಾಸ್ಟೆಲ್ ಒಳಗೆ ಬಿಡಲ್ಲ, ನಿಮ್ಮನ್ನು ಬಿಡುತ್ತಾರೆ. ತೋರಿಸಲು ಸಿದ್ಧ ಮಾಡಿಟ್ಟ ರೂಮ್ ನೋಡಿ ಬಂದುಬಿಡಬೇಡಿ. ಮಕ್ಕಳು ಇರುವ ರೂಮ್ ಒಂದನ್ನು ನೋಡಿ. ಬಚ್ಚಲು ನೋಡಿ, ನಲ್ಲಿ ತಿರುಗಿಸಿ ನೋಡಿ. ಕಲಬುರಗಿ ಬೇಸಿಗೆ ನಿಮಗೆ ಹೊಸದೇನಲ್ಲ, 40 ಡಿಗ್ರಿ ದಾಟುವ ಊರು ಇದು. ಏಪ್ರಿಲ್, ಮೇನಲ್ಲಿ ನೀರು ದಿನಾ ಬರುತ್ತಾ, ಟ್ಯಾಂಕರ್ ತರಿಸುತ್ತಾರಾ, ಕುಡಿಯುವ ನೀರು ಯಾವುದು, ಕರೆಂಟ್ ಹೋದರೆ ಫ್ಯಾನ್ ತಿರುಗುತ್ತಾ. ಇದನ್ನು ವಾರ್ಡನ್‌ಗೂ ಕೇಳಿ, ಅಲ್ಲಿರುವ ಮಕ್ಕಳಿಗೂ ಕೇಳಿ. ಎರಡು ಉತ್ತರ ಒಂದೇ ಇದ್ದರೆ ಸಮಾಧಾನ. ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ, ವಾರ್ಡನ್ ರಾತ್ರಿ ಅಲ್ಲೇ ಮಲಗುತ್ತಾರಾ. ಮೆಸ್ಸಿನಲ್ಲಿ ರೊಟ್ಟಿ ದಿನಾ ಇರುತ್ತಾ ಅಂತಲೂ ಕೇಳಿಬಿಡಿ. ಅವಳು ಅನ್ನ ತಿಂದು ಇರುವವಳಲ್ಲ. ಸಾಧ್ಯವಾದರೆ ಅಲ್ಲೇ ಮಧ್ಯಾಹ್ನದ ಊಟ ಮಾಡಿ, ದುಡ್ಡು ಕೊಟ್ಟು. ಕಾಲೇಜಿನ ಹಾಸ್ಟೆಲ್ ಸಿಗದಿದ್ದರೆ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್‌ಗಳೂ ಇವೆ, ಅರ್ಜಿ ಯಾವಾಗ ಕರೆಯುತ್ತಾರೆ ನಾನು ವಿಚಾರಿಸಿ ಇಡುತ್ತೇನೆ. ಇಲ್ಲ ನಮ್ಮ ಮನೆ ಇದ್ದೇ ಇದೆ. ಅದನ್ನು ಮೊದಲೇ ಹೇಳಿದರೆ ಅವಳು ಮುಲಾಜಿಗೆ ಬಿದ್ದು ಪಟ್ಟಿ ಬದಲಾಯಿಸುತ್ತಾಳೆ ಅಂತ ಇಷ್ಟು ಹೊತ್ತು ಸುಮ್ಮನಿದ್ದೆ. ಎಲ್ಲಿ ಸೀಟು ಬಂದರೂ ಸರಿ, ಅತ್ತಿ ಮನೆ ಹತ್ತಿರ ಅಂತ ಕಾಲೇಜು ಆರಿಸಬಾರದು.

ರ‍್ಯಾಗಿಂಗ್ ಬಗ್ಗೆ ವೈನಿ ಹೆದರಿಕೆ ನನಗೆ ಗೊತ್ತು. ಈಗ ಕಾಲೇಜುಗಳಲ್ಲಿ ಅದಕ್ಕೆ ಸಮಿತಿ ಇರಲೇಬೇಕು, ಬೋರ್ಡ್ ಮೇಲೆ ನಂಬರ್ ಹಾಕಿರಬೇಕು. ದೇಶಕ್ಕೆಲ್ಲ ಒಂದೇ ಸಹಾಯವಾಣಿ ಇದೆ, 1800-180-5522. ಈಗಲೇ ಅವಳ ಫೋನಿನಲ್ಲಿ ಸೇವ್ ಮಾಡಿಸಿ.

ಗಾಡಿ ಮಾಡುವುದು ಬೇಡ ಅಂತಲೂ ಅನ್ನಿಸುತ್ತೆ. ಬೆಳಿಗ್ಗೆ ಜೇವರ್ಗಿ ಮೇಲೆ ಬರುವ ಬಸ್ ಹತ್ತಿ. ವೈನಿಗೆ, ಹುಡುಗಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಆಧಾರ್ ತಂದರೆ ಸಾಕು. ಮುಂದೆ ಅವಳು ಊರಿಗೆ ಹೋಗಿ ಬರುವುದು ಅದೇ ಬಸ್ಸಿನಲ್ಲಿ, ಅದೇ ಬಸ್‌ ಸ್ಟ್ಯಾಂಡಿನಲ್ಲಿ. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಆಟೋದವರು ಎಷ್ಟು ಕೇಳುತ್ತಾರೆ, ಸಂಜೆ ಆ ರಸ್ತೆಯಲ್ಲಿ ಲೈಟ್ ಇದೆಯಾ, ಇವನ್ನೂ ಅವಳೇ ನೋಡಲಿ. ಬೆಳಿಗ್ಗೆ ಹತ್ತರ ಒಳಗೆ ಮೊದಲ ಕಾಲೇಜಿನಲ್ಲಿರಬೇಕು. ಮಳೆ ಇನ್ನೂ ಹಿಡಿದಿಲ್ಲ, ಮಧ್ಯಾಹ್ನ ಬಿಸಿಲು ಜೋರು. ಒಂದರಿಂದ ಮೂರರವರೆಗೆ ನಮ್ಮ ಮನೆಯಲ್ಲಿ ಊಟ, ಸ್ವಲ್ಪ ಅಡ್ಡಾಗಿ, ಆಮೇಲೆ ಎರಡನೇ ಕಾಲೇಜು. ಮೆಸ್ಸಿನಲ್ಲಿ ಊಟ ಸಿಕ್ಕರೆ ನಮ್ಮ ಮನೆಗೆ ಬರೀ ವಿಶ್ರಾಂತಿಗೆ ಬನ್ನಿ, ನಾನು ಬೇಜಾರು ಮಾಡ್ಕೊಳ್ಳಲ್ಲ.

ಸಂಜೆ ಮನೆಗೆ ಬಂದ ಕೂಡಲೇ ಯಾರೂ ಅವಳನ್ನು ‘ಯಾವುದು ಇಷ್ಟ ಆಯಿತು?’ ಅಂತ ಕೇಳಬೇಡಿ. ಕಾಕಾ, ನಿಮಗೂ ಹೇಳುತ್ತಿದ್ದೇನೆ. ಚಹಾ ಕುಡಿಯಲಿ, ಕೈಕಾಲು ತೊಳೆಯಲಿ. ಒಂದು ರೂಮಿನಲ್ಲಿ ಒಬ್ಬಳೇ ಕೂತು ಮೊದಲು ಬರೆದುಕೊಳ್ಳಲಿ. ಆಮೇಲೆ ಅವಳು ಓದಿ ಹೇಳುತ್ತಾಳೆ, ನಾವು ಕೇಳೋಣ. ನಮಗೆ ಒಪ್ಪಿಗೆ ಇಲ್ಲದ್ದು ಇದ್ದರೆ ಆಗ ಮಾತಾಡೋಣ, ದುಡ್ಡಿನ ವಿಚಾರವನ್ನೂ ಅವಳ ಮುಂದೆಯೇ ಬಿಚ್ಚಿ ಹೇಳೋಣ. ಎಷ್ಟು ಕಟ್ಟುವುದಕ್ಕೆ ಆಗುತ್ತೆ ಅಂತ ಗೊತ್ತಿದ್ದರೆ ಅವಳೇ ಅದಕ್ಕೆ ತಕ್ಕ ಹಾಗೆ ಯೋಚನೆ ಮಾಡುತ್ತಾಳೆ. ಅಷ್ಟು ತಿಳಿವಳಿಕೆ ಇದೆ ಅವಳಿಗೆ.

ಸರಿ ಅಣ್ಣಾ, ಶುಕ್ರವಾರ ಆಗುತ್ತಾ ಇಲ್ಲವಾ ಇವತ್ತು ರಾತ್ರಿ ಒಳಗೆ ಹೇಳು. ಆಗುತ್ತೆ ಅಂದರೆ ಪಿಡಿಎ ಆಫೀಸಿಗೆ ನಾಳೆ ನಾನೇ ಹೋಗಿ ಕೇಳಿ ಬರುತ್ತೇನೆ. ಮತ್ತೆ ಈ ಮೆಸೇಜನ್ನು ಅವಳಿಗೂ ಕೇಳಿಸು, ಪೂರ್ತಿ.