ಹಳೆ ಬೈಕ್ ಪ್ರಶ್ನೋತ್ತರ: ಹತ್ತಿರದ ಸುತ್ತಾಟಕ್ಕೆ ಯಾವುದು, ಸಾಕುವುದು ಹೇಗೆ?

ಇವತ್ತು ಉತ್ತರ ಕೊಡುವವರು ಹಳೆ ಬೈಕ್ ಮೆಕ್ಯಾನಿಕ್ ಇಮ್ರಾನ್ ಭಾಯ್. ಗಾಡಿ ಯಾವುದು, ತೊಂದರೆ ಯಾವಾಗ ಕಾಣಿಸುತ್ತದೆ ಎಂದು ಸರಿಯಾಗಿ ಬರೆದು ಕೇಳಿ.

ಪ್ರಮೋದ್: ಭಾಯ್, ರಜೆ ದಿನ ಹತ್ತಿರದಲ್ಲೇ ಸುತ್ತಾಡಲು ಒಂದು ಹಳೆ ಬೈಕ್ ತಗೊಳ್ಳಬೇಕು ಅಂತ ಇದ್ದೇನೆ. ದೂರ ಹೋಗುವುದಿಲ್ಲ. ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100 ಮೂರೂ ನೋಡಿಟ್ಟಿದ್ದೇನೆ. ಯಾವುದು ಒಳ್ಳೆಯದು?

ಇಮ್ರಾನ್: ಮಾಡೆಲ್ ಆಮೇಲೆ, ಮೊದಲು ಎದುರಿಗಿರುವ ಗಾಡಿ ನೋಡಿ. ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ದಾಖಲೆಗೆ ತಾಳೆ ಆಗಬೇಕು. ಉಜ್ಜಿ ಮತ್ತೆ ಹೊಡೆದ ಹಾಗೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಹೋದ ತಕ್ಷಣ ಇಂಜಿನ್ ಮುಟ್ಟಿ. ಬಿಸಿ ಇದ್ದರೆ ಆರುವ ತನಕ ಕಾಯಿರಿ, ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದೇ ಮುಖ್ಯ. ಹೊಸ ಪೇಂಟ್ ನೋಡಿ ಮರುಳಾಗಬೇಡಿ, ಟ್ಯಾಂಕ್ ಮೇಲೆ ಸಣ್ಣ ಅಯಸ್ಕಾಂತ ಆಡಿಸಿ, ಹಿಡಿಯದ ಕಡೆ ಪುಟ್ಟಿ ತುಂಬಿದ್ದಾರೆ ಎಂದರ್ಥ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ತಿರುಗಿಸಿ, ನಡುವೆ ಕಚ್ಚಿ ನಿಂತರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಟೈರ್ ಪಕ್ಕದಲ್ಲಿ 4 ಅಂಕಿ ಇರುತ್ತದೆ, 2312 ಅಂದರೆ 2012ರ 23ನೇ ವಾರ ತಯಾರಾದದ್ದು. ಮೇಲಿನ ಗುಂಡಿ (ರಸ್ತೆ ಹಿಡಿಯುವ ಅಚ್ಚು) ಎಷ್ಟೇ ಚೆನ್ನಾಗಿದ್ದರೂ ಅಂಥ ಟೈರ್ ಬದಲಿಸಲೇಬೇಕು.

ಆರ್‌ಎಕ್ಸ್ ಹಗುರ, 98 ಸಿಸಿ, ಎಣ್ಣೆ ಪಂಪ್ ಇರುವುದರಿಂದ ಪೆಟ್ರೋಲಿಗೆ ಎಣ್ಣೆ ಮಿಕ್ಸ್ ಮಾಡುವ ಕೆಲಸ ಇಲ್ಲ. ಆದರೆ ಸಿಗುವ ಗಾಡಿಗಳಲ್ಲಿ ಹಿಂಡಿ ಓಡಿಸಿದವೇ ಜಾಸ್ತಿ. ಯೆಜ್ಡಿ 250ಕ್ಕೆ ಗೇರ್, ಕಿಕ್ ಎರಡೂ ಒಂದೇ ಲಿವರ್, ಪೆಟ್ರೋಲಿಗೆ ಎಣ್ಣೆ ನೀವೇ ಬೆರೆಸಬೇಕು. ಕಬ್ಬಿಣದ ಬ್ಯಾರಲ್‌ನ (ಪಿಸ್ಟನ್ ಕೂರುವ ಸಿಲಿಂಡರ್) ಹಳೆ ಬುಲೆಟ್ 346 ಸಿಸಿ, ನಿಧಾನದ ಓಟಕ್ಕೆ ಬಹಳ ಸುಖ, ಆದರೆ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಅಭ್ಯಾಸ ಇಲ್ಲದವರು ಗಾಬರಿಯಲ್ಲಿ ಬ್ರೇಕ್ ಅಂದುಕೊಂಡು ಗೇರ್ ತುಳಿಯುತ್ತಾರೆ. ನಿಮ್ಮ ಹತ್ತಿರ ಯಾವುದಕ್ಕೆ ಸೀಲ್, ಕೇಬಲ್ ಸಿಗುತ್ತದೋ, ಕೆಲಸ ಗೊತ್ತಿರುವವರು ಯಾವುದಕ್ಕೆ ಇದ್ದಾರೋ ಅದನ್ನೇ ತಗೊಳ್ಳಿ.

ಗಿರೀಶ: ಬುಲೆಟ್ ಬೆಸ್ಟಾ ಯೆಜ್ಡಿ ಬೆಸ್ಟಾ ಭಾಯ್?

ಇಮ್ರಾನ್: ಮೇಲೆ ಓದಿ.

ಶಾಂತಲಾ: ಅಣ್ಣ, ಅಪ್ಪ ಓಡಿಸುತ್ತಿದ್ದ ಯೆಜ್ಡಿ ಇದೆ. ತುಂಬಾ ವರ್ಷ ನಿಂತಿತ್ತು, ಈಗ ಸರಿ ಮಾಡಿಸಿ ಓಡಿಸುತ್ತಿದ್ದೇನೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಸದ್ದು ತಕ್ಷಣ ಇಳಿಯುವುದಿಲ್ಲ, ಬಿಸಿಯಾದ ಮೇಲೆ ಇನ್ನೂ ಜಾಸ್ತಿ. ಮೊನ್ನೆ ಇಳಿಜಾರಿನಲ್ಲಿ ಹಿಂದಿನ ಚಕ್ರ ಒಮ್ಮೆಗೇ ಹಿಡಿದುಕೊಂಡಿತು. ಕ್ಲಚ್ ಹಿಡಿದೆ, ಬಿಟ್ಟುಕೊಂಡಿತು. ಆರಿದ ಮೇಲೆ ಸ್ಟಾರ್ಟ್ ಆಯಿತು, ಮನೆಗೆ ಬಂದೆ. ಕೇಬಲ್ ಬದಲಿಸಿದ್ದಾಯಿತು. ಇನ್ನು ಓಡಿಸಬಹುದಾ?

ರಾಘು: ಎಣ್ಣೆ ಕಮ್ಮಿ ಆಗಿದೆ ಅಷ್ಟೇ ಅಕ್ಕ. ಎಣ್ಣೆ ಡಬಲ್ ಹಾಕಿ, ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿ, ಇಂಜಿನ್ ತಣ್ಣಗಿರುತ್ತದೆ. ನನಗೆ ಫಾರ್ವರ್ಡ್ ಬಂದಿತ್ತು, ಕೆಳಗೆ ಹಾಕುತ್ತೇನೆ.

ಇಮ್ರಾನ್: ಶಾಂತಲಾ ಮೇಡಂ, ಓಡಿಸಬೇಡಿ. ಆಮೇಲೆ ಉಳಿದದ್ದು.

ರಾಘು ಹೇಳಿದ್ದು ಮಾಡಬೇಡಿ. ಕಾರ್ಬೊರೇಟರ್‌ನ ಸಣ್ಣ ತೂತು, ಅಂದರೆ ಜೆಟ್‌ನಿಂದ ಹೋಗುವುದು ಪೆಟ್ರೋಲ್, ಎಣ್ಣೆ ಸೇರಿದ ಮಿಶ್ರಣ. ಅದರಲ್ಲಿ ಎಣ್ಣೆ ಡಬಲ್ ಆದರೆ ಪೆಟ್ರೋಲ್ ಅಷ್ಟು ಕಮ್ಮಿ ಹೋಗುತ್ತದೆ, ಗಾಳಿ ಮಾತ್ರ ಅಷ್ಟೇ. ಇಂಜಿನ್ ಇನ್ನೂ ಬಿಸಿಯಾಗುತ್ತದೆ. ಕೈಪಿಡಿಯಲ್ಲಿ ಇದ್ದಷ್ಟೇ ಹಾಕಿ, ಇಂಥ ಇಂಜಿನ್ನಿಗೆ ಸಾಮಾನ್ಯವಾಗಿ ಲೀಟರಿಗೆ 30ರಿಂದ 40 ಮಿ.ಲೀ. ನುಸಿಗುಳಿಗೆ ಹಾಕಿದರೆ ಹರಳುಗಟ್ಟಿ ಜೆಟ್ ಕಟ್ಟಿಕೊಳ್ಳಬಹುದು, ಕಟ್ಟಿದರೆ ಪಿಸ್ಟನ್ ಹೋಗುತ್ತದೆ. ದಯವಿಟ್ಟು ಆ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಮೇಡಂ, ನೀವು ಹೇಳಿದ ಎರಡೂ ಲಕ್ಷಣಕ್ಕೆ ಒಂದೇ ಕಾರಣ ಇರುವ ಸಾಧ್ಯತೆ ಜಾಸ್ತಿ: ಇಂಜಿನ್ ಎಲ್ಲೋ ಕಳ್ಳಗಾಳಿ ಎಳೆಯುತ್ತಿದೆ. ಕಾರ್ಬೊರೇಟರ್ ಮುಚ್ಚಿದ್ದರೂ ಬೇರೆ ದಾರಿಯಲ್ಲಿ ಗಾಳಿ ಬರುವುದರಿಂದ ಸದ್ದು ಇಳಿಯುವುದಿಲ್ಲ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆದರೆ ಉರಿ ಜೋರು. ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ಎಣ್ಣೆ ಬರುವುದೂ ಆ ಪೆಟ್ರೋಲ್ ಜೊತೆಗೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದಿರಿ ಅಂದುಕೊಳ್ಳಿ, ಪಿಸ್ಟನ್ ವೇಗವಾಗಿ ಓಡುತ್ತಿದೆ, ಎಣ್ಣೆ ಹೆಚ್ಚುಕಮ್ಮಿ ನಿಂತುಹೋಗಿದೆ. ಪಿಸ್ಟನ್ ಹಿಗ್ಗಿ ಬೋರ್ (ಬ್ಯಾರಲ್‌ನ ಒಳಗೋಡೆ) ಕಚ್ಚಿಕೊಂಡಿತು. ಕ್ಲಚ್ ಹಿಡಿದದ್ದು ಬಹಳ ಒಳ್ಳೆಯ ಕೆಲಸ. ಮುಂದಿನ ಸಲ ಅಷ್ಟು ಸಮಯ ಸಿಗದೇ ಇರಬಹುದು, ಅದಕ್ಕೇ ಬೇಡ ಅನ್ನುವುದು.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ನನಗೆ ಮೊದಲು ಅನುಮಾನ ಬರುವುದು ಕ್ರ್ಯಾಂಕ್ ಆಯಿಲ್ ಸೀಲ್ ಮೇಲೆ, ಅಂದರೆ ಪಿಸ್ಟನ್ ತಿರುಗಿಸುವ ದಂಡದ ಎರಡೂ ಕಡೆ ಇರುವ ರಬ್ಬರ್ ಬಳೆಗಳ ಮೇಲೆ. ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಎಣ್ಣೆ ಎಳೆದುಕೊಂಡು ಹೊಗೆ ಬರುತ್ತದೆ, ಎಣ್ಣೆ ಮಟ್ಟ ಇಳಿಯುತ್ತದೆ, ಹಾಗಾಗಿ ಗೊತ್ತಾಗಿಬಿಡುತ್ತದೆ. ಡೈನಮೋ ಕಡೆಯದು ಹೋದರೆ ಬರೀ ಗಾಳಿ, ಹೊಗೆ ಇಲ್ಲ, ಏನೂ ಇಲ್ಲ. ಡೈನಮೋ ಬಿಚ್ಚಿಸಿ ಹಿಂದೆ ಎಣ್ಣೆ ಪಸೆ ಇದೆಯಾ ನೋಡಿಸಿ. ಕಾರ್ಬೊರೇಟರ್ ಕೂರುವ ಜಾಗದ ಗ್ಯಾಸ್ಕೆಟ್ ಕೂಡ ನೋಡಿಸಿ. ಖಚಿತ ಆಗಬೇಕಾದರೆ ಇನ್‌ಟೇಕ್, ಸೈಲೆನ್ಸರ್ ಬಾಯಿ ಎರಡೂ ಮುಚ್ಚಿ ಪ್ಲಗ್ ತೂತಿನಿಂದ ಕೈ ಪಂಪ್‌ನಲ್ಲಿ 6 ಪಿಎಸ್‌ಐ ಗಾಳಿ ತುಂಬಿ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಬಂದ ಕಡೆ ಲೀಕ್. ಕಂಪ್ರೆಸರ್ ಹಚ್ಚಿದರೆ ಚೆನ್ನಾಗಿರುವ ಸೀಲೂ ಕಿತ್ತು ಬರುತ್ತದೆ, ಅದು ಬೇಡ.

ಹೇಗಿದ್ದರೂ ಬ್ಯಾರಲ್ ಬಿಚ್ಚಲೇಬೇಕು. ಒಮ್ಮೆ ಕಚ್ಚಿದ ಮೇಲೆ ಪಿಸ್ಟನ್‌ನ ಅಲ್ಯೂಮಿನಿಯಂ ಬೋರಿಗೆ ಮೆತ್ತಿರುತ್ತದೆ, ರಿಂಗ್ ಸಿಕ್ಕಿಕೊಂಡಿರಬಹುದು. ಪ್ಲಗ್ ಬಿಚ್ಚಿ ಬಣ್ಣ ಹೇಳಿ.

ಶಾಂತಲಾ: ಬೆಳ್ಳಗಿದೆ ಅಣ್ಣ. ತುದಿಯಲ್ಲಿ ಸಣ್ಣ ಸಣ್ಣ ಹರಳಿನ ಹಾಗೆ ಇದೆ.

ಇಮ್ರಾನ್: ಹಾಗಾದರೆ ಒಳಗೆ ವಿಪರೀತ ಬಿಸಿಯಾಗಿದೆ, ಕಿಕ್ ಕೂಡ ಹೊಡೆಯಬೇಡಿ. ಬಿಚ್ಚಿದ ಮೇಲೆ ಪಿಸ್ಟನ್ ಫೋಟೋ ನಾಲ್ಕೂ ಕಡೆಯಿಂದ ಕಳಿಸಿ, ಗೀಚು ಎಲ್ಲಿದೆ ಅನ್ನುವುದರಿಂದ ತುಂಬಾ ಗೊತ್ತಾಗುತ್ತದೆ.

ನಾಗೇಶ: ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್) ಗ್ಯಾಪ್ ನೋಡಿದ್ದೀರಾ ಮೇಡಂ? 0.4 ಮಿ.ಮೀ. ಇರಬೇಕು. ಟೈಮಿಂಗ್ ತಪ್ಪಿದರೂ ಬಿಸಿಯಾಗುತ್ತದೆ.

ಸಂದೀಪ: ಪಾಯಿಂಟ್ ಕಿತ್ತು ಹಾಕಿ 12 ವೋಲ್ಟ್ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ, ತಲೆನೋವೇ ಇರುವುದಿಲ್ಲ. 6 ವೋಲ್ಟ್ ದೀಪದಲ್ಲಿ ರಾತ್ರಿ ಏನು ಕಾಣುತ್ತದೆ?

ನಾಗೇಶ: ಕಿಟ್ ದಾರಿಯಲ್ಲಿ ಕೈಕೊಟ್ಟರೆ ತಳ್ಳಿಕೊಂಡು ಬರಬೇಕು. ಪಾಯಿಂಟ್ ಆದರೆ ಒಂದು ರಟ್ಟಿನ ಚೂರಿನಿಂದ ಒರೆಸಿ ಮನೆಗೆ ಬರಬಹುದು. ಎಲ್ಲ ಬದಲಿಸಿದ ಮೇಲೆ ಹಳೆ ಗಾಡಿ ಯಾಕೆ ಬೇಕು ಸ್ವಾಮಿ?

ಸಂದೀಪ: ಓಡಿಸಲಿಕ್ಕೆ ಬೇಕು. ನಿಮ್ಮ ಗಾಡಿ ಬಟ್ಟೆ ಹೊದ್ದು ನಿಂತಿರುವುದು ಎಲ್ಲರಿಗೂ ಗೊತ್ತು.

ನಾಗೇಶ: ವೈಯಕ್ತಿಕ ಬೇಡ. ನನ್ನ ಗಾಡಿಯ ಒಂದೊಂದು ನಟ್ಟೂ ಕಾರ್ಖಾನೆಯದು.

ಇಮ್ರಾನ್: ಪಾಯಿಂಟ್‌ನ ಹಿಮ್ಮಡಿ (ಕ್ಯಾಮ್‌ಗೆ ಉಜ್ಜುವ ತುದಿ) ಸವೆದರೆ ಗ್ಯಾಪ್ ಕಮ್ಮಿಯಾಗಿ ಟೈಮಿಂಗ್ ತಡವಾಗುತ್ತದೆ, ನಾಗೇಶ್ ಹೇಳಿದ್ದು ನಿಜ. ರಾತ್ರಿ ಓಡಿಸುವವರಿಗೆ ಕಿಟ್ ಒಳ್ಳೆಯದು, ಅದೂ ನಿಜ. ಎರಡರಿಂದಲೂ ಸೀಲ್ ಲೀಕ್ ನಿಲ್ಲುವುದಿಲ್ಲ. ಅವರ ಪ್ರಶ್ನೆಯ ಕೆಳಗೆ ಜಗಳ ಬೇಡ.

ನವೀನ: ಸ್ಪೀಡೋಮೀಟರ್ ಮುಳ್ಳು ನಡುಗುತ್ತದೆ ಭಾಯ್, ಏನು ಮಾಡಲಿ?

ಮಹೇಶ: ಹಳೆ ಬುಲೆಟ್. ಎರಡು ಮೂರು ವಾರ ನಿಂತ ಮೇಲೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರ್ ತುಂಬಾ ಹೊಗೆ. ಸ್ವಲ್ಪ ದೂರ ಹೋದರೆ ನಿಲ್ಲುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆಯೇ ಕಾಣಿಸುವುದಿಲ್ಲ. ಬೋರ್ ಮಾಡಿಸಬೇಕು ಅಂದರು ಒಬ್ಬರು.

ಇಮ್ರಾನ್: ಈಗಲೇ ಬೋರ್ ಬೇಡ. ಆ ಇಂಜಿನ್‌ನಲ್ಲಿ ಎಣ್ಣೆಗೆ ಬೇರೆ ಕೋಣೆ ಇದೆ, ಪಂಪ್ ಅಲ್ಲಿಂದ ಎತ್ತಿ ಕೊಡುತ್ತದೆ, ಇನ್ನೊಂದು ಪಂಪ್ ವಾಪಸ್ ತರುತ್ತದೆ. ಗಾಡಿ ನಿಂತಾಗ ಎಣ್ಣೆ ಪಂಪ್ ಸಂದಿನಿಂದ ಮೆಲ್ಲಗೆ ಕ್ರ್ಯಾಂಕ್ ಕಡೆ ಇಳಿಯುತ್ತದೆ. ಸ್ಟಾರ್ಟ್ ಮಾಡಿದಾಗ ಉರಿಯುವುದು ಅದೇ. ಡಿಪ್‌ಸ್ಟಿಕ್ ಒಣಗಿದೆ ಅಂತ ನೋಡದೆ ಮೇಲೆ ಸುರಿದರೆ ಎಣ್ಣೆ ಅತಿಯಾಗಿ ಎಲ್ಲ ಕಡೆ ಕಕ್ಕುತ್ತದೆ. ತುಂಬಾ ದಿನ ನಿಂತಿದ್ದರೆ ಕ್ರ್ಯಾಂಕ್ ಕೆಳಗಿನ ಎಣ್ಣೆ ತೆಗೆಯುವ ಪ್ಲಗ್ ಬಿಚ್ಚಿ ಇಳಿದದ್ದನ್ನು ತೆಗೆದು, ಅಷ್ಟೇ ಎಣ್ಣೆ ಮೇಲೆ ತುಂಬಿ. ಓಡಿಸಿ ಬಂದ ಮೇಲೆ ಮಟ್ಟ ನೋಡಿ. 20ಡಬ್ಲ್ಯೂ-50 ಸಾಕು. ಓಡುವಾಗಲೂ ಹೊಗೆ ನಿಲ್ಲದಿದ್ದರೆ ಆಗ ರಿಂಗ್ ಮಾತು.

ಗಿರೀಶ: ದಿನಾ 5 ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಕಾ?

ಇಮ್ರಾನ್: ಬೇಡ. ಪೂರ್ತಿ ಬಿಸಿಯಾಗದೆ ಒಳಗೆ ನೀರು ಕೂರುತ್ತದೆ. ಸ್ಟಾರ್ಟ್ ಮಾಡಿದರೆ ಓಡಿಸಿ, ಇಲ್ಲದಿದ್ದರೆ ಬಿಡಿ.

ಪ್ರಮೋದ್: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಬಹುದಾ ಭಾಯ್?

ಇಮ್ರಾನ್: ಈಗ ತಾನೇ ಹೇಳಿದೆ.

ಸುನೀಲ: ಟ್ಯಾಂಕ್ ಒಳಗೆ ತುಕ್ಕು, ಕೆಳಗೆ ಸೂಜಿ ಮೊನೆಯಷ್ಟು ತೂತು. ಕೋಲಾ ಹಾಕಿ ಒಂದು ರಾತ್ರಿ ಬಿಟ್ಟು, ನೀರಲ್ಲಿ ತೊಳೆದು, ವೆಲ್ಡಿಂಗ್‌ಗೆ ಕೊಟ್ಟಿದ್ದೇನೆ. ಟ್ಯಾಂಕ್ ಖಾಲಿ ಇದೆ, ತೊಂದರೆ ಇಲ್ಲ ಅಲ್ವಾ?

ರಾಘು: ಕೋಲಾ ಕೆಲಸ ಮಾಡುತ್ತದೆ, ನಾನೂ ನೋಡಿದ್ದೇನೆ.

ಸಂದೀಪ: ನಾಗೇಶ್ ಸರ್ ಕಾರ್ಖಾನೆ ತುಕ್ಕನ್ನೇ ಉಳಿಸಿಕೊಂಡಿರಬೇಕು.

ನಾಗೇಶ: ಇಂಥವರ ಜೊತೆ ಮಾತು ಬೇಡ. ಬೈಕ್ ಬಗ್ಗೆ ಗೌರವ ಇಲ್ಲದವರು ಗುಂಪಿನಲ್ಲಿ ಯಾಕಿದ್ದಾರೆ?

ಇಮ್ರಾನ್: ಇಬ್ಬರೂ ನಿಲ್ಲಿಸಿ. ಸುನೀಲ್, ಈ ಕ್ಷಣ ವೆಲ್ಡಿಂಗ್‌ನವರಿಗೆ ಫೋನ್ ಮಾಡಿ ನಿಲ್ಲಿಸಿ. ಖಾಲಿ ಟ್ಯಾಂಕೇ ಅಪಾಯ. ಸಿಡಿಯುವುದು ಪೆಟ್ರೋಲ್ ಆವಿ, ಗಾಳಿಯಲ್ಲಿ ಶೇ. 1.4ರಷ್ಟು ಇದ್ದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ನೀರಲ್ಲಿ ತೊಳೆದರೂ ಬೆಸುಗೆ ಸಂದಿನಲ್ಲಿ, ತುಕ್ಕಿನ ಪದರದಲ್ಲಿ ಪೆಟ್ರೋಲ್ ಉಳಿದಿರುತ್ತದೆ, ಜ್ವಾಲೆ ತಗುಲಿದಾಗ ಆವಿಯಾಗುತ್ತದೆ. ಮುಂದೆ ಕೂತವನ ಮುಖಕ್ಕೆ ಬರುವುದು ಅದು. ಕೋಲಾ ತುಕ್ಕನ್ನು ಸ್ವಲ್ಪ ಬಿಡಿಸಬಹುದು, ಸಕ್ಕರೆ ಒಳಗೆ ಉಳಿಯುತ್ತದೆ, ಅದು ಜೆಟ್‌ಗೆ ಬರುತ್ತದೆ. ಟಾಯ್ಲೆಟ್ ಆ್ಯಸಿಡ್ ಫಾರ್ವರ್ಡ್ ಕೂಡ ಈಗ ಬರುತ್ತದೆ, ಅದನ್ನೂ ಹಾಕಬೇಡಿ, ತಗಡನ್ನೇ ತಿಂದು ತೊಳೆದ ಬೆನ್ನಿಗೇ ಹೊಸ ತುಕ್ಕು ಹಿಡಿಸುತ್ತದೆ. ತುಕ್ಕು ಒಳಗಿನಿಂದ ತಿಂದಿದ್ದರೆ ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬೀಳುತ್ತದೆ. ತುಕ್ಕು ತೆಗೆಸಿ ಒಳಗೆ ಟ್ಯಾಂಕ್ ಸೀಲರ್ ಹಾಕಿಸಿ. ಎಥನಾಲ್ ಬೆರೆತ ಪೆಟ್ರೋಲ್ ತಡೆಯುವ ಸೀಲರ್ ಆಗಿರಬೇಕು, ಡಬ್ಬದ ಮೇಲೆ ಬರೆದಿರುತ್ತದೆ.

ಸುನೀಲ: ಅವರು ತುಂಬಾ ವರ್ಷದಿಂದ ಟ್ಯಾಂಕ್ ವೆಲ್ಡ್ ಮಾಡುತ್ತಿದ್ದಾರಂತೆ, ಏನೂ ಆಗಿಲ್ಲವಂತೆ.

ಇಮ್ರಾನ್: ಫೋನ್ ಮಾಡಿ ಸುನೀಲ್. ವಾದ ಆಮೇಲೆ.

ಸುನೀಲ: ಮಾಡಿದೆ. ಇನ್ನೂ ಶುರು ಮಾಡಿಲ್ಲ. ಸಂಜೆ ವಾಪಸ್ ತರುತ್ತೇನೆ.

ಇಮ್ರಾನ್: ತನ್ನಿ. ಮುಚ್ಚಳ, ಪೆಟ್ರೋಲ್ ಕಾಕ್ ಬಿಚ್ಚಿ ಹೊರಗೆ ಬಯಲಲ್ಲಿ ಇಡಿ. ಮನೆಯೊಳಗೆ, ಒಲೆ ಇರುವ ಕಡೆ ಬೇಡ.