ಪಣಂಬೂರು ಕೇಂದ್ರಕ್ಕೆ, ಹಳೆ ಬಂದರು ರಾಜ್ಯಕ್ಕೆ: ಈ ವಿಂಗಡಣೆ ಹೇಗಾಯಿತು?

ಪ್ರಶ್ನೆ (ಮಂಗಳೂರಿನ ವರ್ತಕರೊಬ್ಬರಿಂದ): ವಕೀಲರಿಗೆ ನಮಸ್ಕಾರ. ಹಳೆ ಬಂದರಿನ ದಕ್ಕೆಯಿಂದ ಮಂಜಿಗಳಲ್ಲಿ (ಸರಕು ಸಾಗಿಸುವ ಮರದ ನೌಕೆಗಳಲ್ಲಿ) ಲಕ್ಷದ್ವೀಪಕ್ಕೆ ಸರಕು ಕಳುಹಿಸುವ ವ್ಯಾಪಾರ ನಮ್ಮದು. ಒಂದೇ ಊರಿನಲ್ಲಿದ್ದರೂ ನಮ್ಮ ಬಂದರನ್ನು ರಾಜ್ಯ ಸರ್ಕಾರವೂ ಪಣಂಬೂರಿನ ನವ ಮಂಗಳೂರು ಬಂದರನ್ನು ಕೇಂದ್ರ ಸರ್ಕಾರವೂ ನೋಡಿಕೊಳ್ಳುತ್ತಿರುವುದೇಕೆ? ಪಣಂಬೂರು ದೊಡ್ಡದೆಂಬುದಷ್ಟೇ ಕಾರಣವೇ?

ಉತ್ತರ (ನೌಕಾ ಕಾನೂನಿನ ವಕೀಲರು): ನಮಸ್ಕಾರ. ಗಾತ್ರವೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಕಾನೂನಿನ ಪ್ರಕಾರ ಯಾವುದನ್ನು ಪ್ರಮುಖ ಬಂದರೆಂದು ಘೋಷಿಸಲಾಗಿದೆಯೋ ಅದು ಕೇಂದ್ರಕ್ಕೆ ಸೇರುತ್ತದೆ. ಅಂಥ ಘೋಷಣೆಯಿಲ್ಲದ ಬಂದರಿನಲ್ಲಿ ಎಷ್ಟೇ ಸರಕು ಇಳಿದರೂ ಅದು ರಾಜ್ಯದ ಆಡಳಿತದಲ್ಲೇ ಉಳಿಯುತ್ತದೆ. ಗುಜರಾತಿನ ಮುಂದ್ರಾ ಬಂದರು ಅನೇಕ ಪ್ರಮುಖ ಬಂದರುಗಳಿಗಿಂತ ಹೆಚ್ಚು ಸರಕು ಸಾಗಿಸುತ್ತಿದ್ದರೂ ಕೇಂದ್ರದ ಪಟ್ಟಿಯಲ್ಲಿಲ್ಲ.

ಬಂದರಿನ ಆದಾಯ ಮತ್ತು ಹೊಣೆ ಯಾರ ಕೈಯಲ್ಲಿರಬೇಕೆಂಬ ಜಗ್ಗಾಟ ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದುಬಂದಿದೆ. ಮುಂಬಯಿಯಲ್ಲಿ ಎಲ್ಫಿನ್‌ಸ್ಟನ್ ಕಂಪನಿಯೆಂಬ ಖಾಸಗಿ ಸಂಸ್ಥೆ ಕಡಲ ದಂಡೆಯ ಬಹುಭಾಗವನ್ನು ಕೈವಶ ಮಾಡಿಕೊಂಡಿತ್ತು. ಅದು ಏಕಸ್ವಾಮ್ಯವಾಗಿ ಬೆಳೆದೀತೆಂಬ ಆತಂಕದಿಂದ ಸರ್ಕಾರ ಆ ಆಸ್ತಿಯನ್ನು ಹಣ ತೆತ್ತು ಬಿಡಿಸಿಕೊಂಡು, 1873ರಲ್ಲಿ ಒಂದು ಟ್ರಸ್ಟಿಗೆ ಒಪ್ಪಿಸಿತು. ಕಲ್ಕತ್ತೆಯಲ್ಲಿ ಅದಕ್ಕೂ ಮೊದಲೇ, 1870ರಲ್ಲಿ, ಬಂದರು ಆಯುಕ್ತರ ಮಂಡಳಿ ರಚನೆಯಾಗಿತ್ತು. ಸರ್ಕಾರದ ಇಲಾಖೆಯೂ ಅಲ್ಲದ, ಲಾಭಕ್ಕಾಗಿ ನಡೆಯುವ ಕಂಪನಿಯೂ ಅಲ್ಲದ ಈ ಟ್ರಸ್ಟ್ ವ್ಯವಸ್ಥೆಯೇ ಮುಂದಿನ ಒಂದೂವರೆ ಶತಮಾನದ ಆಡಳಿತಕ್ಕೆ ಮಾದರಿಯಾಯಿತು.

ನಮ್ಮ ಕರಾವಳಿಗೆ ಆ ಭಾಗ್ಯವಿರಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಿಂದ ಕಾರವಾರ, ಹೊನ್ನಾವರಗಳ ಕಡತಗಳು ಮುಂಬಯಿಗೂ ಮಂಗಳೂರು, ಮಲ್ಪೆಗಳ ಕಡತಗಳು ಮದರಾಸಿಗೂ ಹೋಗತೊಡಗಿದವು. ಹೀಗೆ ಒಂದೇ ಕರಾವಳಿ 1956ರವರೆಗೂ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. 1908ರ ಭಾರತೀಯ ಬಂದರು ಕಾಯ್ದೆ ಬಂದರಿನ ಸುರಕ್ಷತೆ, ಶುಲ್ಕ, ಸಂರಕ್ಷಣಾಧಿಕಾರಿಯ ನೇಮಕ ಮುಂತಾದವುಗಳಿಗೆ ಏಕರೂಪದ ನಿಯಮಗಳನ್ನು ಒದಗಿಸಿತು. ಒಡೆತನವನ್ನು ಸ್ಪಷ್ಟವಾಗಿ ಬೇರ್ಪಡಿಸಿದ್ದು 1935ರ ಭಾರತ ಸರ್ಕಾರ ಕಾಯ್ದೆ. ಅದು ಪ್ರಮುಖ ಬಂದರುಗಳನ್ನು ಕೇಂದ್ರಕ್ಕೂ ಉಳಿದವುಗಳನ್ನು ಪ್ರಾಂತಗಳಿಗೂ ವಹಿಸಿತು. ನಮ್ಮ ಸಂವಿಧಾನ ಪ್ರಮುಖ ಬಂದರುಗಳನ್ನು ಕೇಂದ್ರ ಪಟ್ಟಿಯಲ್ಲೇ ಇರಿಸಿ, ಉಳಿದವುಗಳನ್ನು ಕೇಂದ್ರ, ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿಸಿತು. ಹಾಗಾಗಿ ಕಿರು ಬಂದರುಗಳ ಬಗ್ಗೆಯೂ ಸಂಸತ್ತು ಕಾನೂನು ಮಾಡಬಹುದೆಂಬುದನ್ನು ನಮ್ಮವರು ಮರೆಯುವುದುಂಟು.

ಪಣಂಬೂರಿನ ಬಂದರು ಸಂಸದರಾಗಿದ್ದ ಯು. ಶ್ರೀನಿವಾಸ ಮಲ್ಯರ ಒತ್ತಾಸೆಯ ಫಲ. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. ಮರುವರ್ಷ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಆರಂಭದ ವರ್ಷಗಳಲ್ಲಿ ಅದು ನೇರವಾಗಿ ಕೇಂದ್ರ ಸಚಿವಾಲಯದ ಅಧೀನದಲ್ಲಿದ್ದು, 1980ರ ಏಪ್ರಿಲ್ 1ರಿಂದ 1963ರ ಪ್ರಮುಖ ಬಂದರು ಟ್ರಸ್ಟ್ ಕಾಯ್ದೆಯ ವ್ಯಾಪ್ತಿಗೆ ಬಂತು.

ಮರುಪ್ರಶ್ನೆ (ಉಡುಪಿಯ ಸದಸ್ಯೆ): ಈಗ ಟ್ರಸ್ಟ್ ಹೋಗಿ ಪ್ರಾಧಿಕಾರ ಬಂದಿದೆಯಲ್ಲ ಸರ್, ಬಂದರನ್ನು ಖಾಸಗಿಯವರಿಗೆ ಕೊಟ್ಟಂತೆಯೇ?

ಉತ್ತರ: ಇಲ್ಲ ಮೇಡಂ, ಆಸ್ತಿ ಈಗಲೂ ಸಾರ್ವಜನಿಕರದ್ದೇ. ಆದರೆ ಬಂದರು ತಾನೇ ಸರಕು ಇಳಿಸುವುದನ್ನು ಕಡಿಮೆ ಮಾಡಿ, ಕಾಲುವೆ, ತಡೆಗೋಡೆ, ಭೂಮಿಗಳ ಒಡೆಯನಾಗಿ ಉಳಿದು, ಬರ್ತ್‌ಗಳನ್ನು (ಹಡಗು ನಿಲ್ಲುವ ಕಟ್ಟೆಗಳನ್ನು) ವರ್ಷಗಳ ಗುತ್ತಿಗೆಗೆ ಕೊಡುವ ಪದ್ಧತಿ 1990ರ ದಶಕದಿಂದ ಬೆಳೆದಿದೆ. 1997ರಲ್ಲಿ ದರ ನಿಗದಿಗೆಂದು ಪ್ರತ್ಯೇಕ ಪ್ರಾಧಿಕಾರವೊಂದನ್ನು ಸ್ಥಾಪಿಸಿದ್ದರು. 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ ಅದನ್ನು ಕೈಬಿಟ್ಟು, ದರ ನಿಗದಿಯ ಅಧಿಕಾರವನ್ನು ಆಯಾ ಬಂದರಿನ ಮಂಡಳಿಗೇ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಹೆಸರಿಗಿಂತ ಮಂಡಳಿಯ ಸ್ವರೂಪ ಬದಲಾದದ್ದೇ ಮುಖ್ಯ. ಹಿಂದಿನ ದೊಡ್ಡ ಮಂಡಳಿಯಲ್ಲಿ ಹಡಗು ಮಾಲೀಕರಿಗೂ ವರ್ತಕರಿಗೂ ಕುರ್ಚಿಯಿತ್ತು. ಈಗಿನ ಚಿಕ್ಕ ಮಂಡಳಿಯಲ್ಲಿ ಕಾರ್ಮಿಕ ಪ್ರತಿನಿಧಿಗಳು ಉಳಿದಿದ್ದಾರೆ, ಸ್ವತಂತ್ರ ಸದಸ್ಯರು ಬಂದಿದ್ದಾರೆ, ಬಂದರು ಬಳಸುವವರಿಗೆ ಮೀಸಲಾದ ಸ್ಥಾನವಿಲ್ಲ. ಇದು ಒಳ್ಳೆಯ ಬದಲಾವಣೆಯೆಂದು ನನಗನ್ನಿಸುವುದಿಲ್ಲ.

ಮೊದಲಿನ ವರ್ತಕರು: ಹಾಗಾದರೆ ಅಳಿವೆಯ ಹೂಳಿನ ಬಗ್ಗೆ ನಾವು ಅರ್ಜಿ ಕೊಡಬೇಕಾದದ್ದು ಯಾರಿಗೆ?

ಉತ್ತರ: ಹಳೆ ಬಂದರಿನ ಅಳಿವೆಯ ಹೂಳೆತ್ತುವ ಹೊಣೆ ರಾಜ್ಯದ್ದು, ರಾಜ್ಯದ ಬಂದರು ಇಲಾಖೆಗೂ ಕರ್ನಾಟಕ ಜಲಸಾರಿಗೆ ಮಂಡಳಿಗೂ ಬರೆಯಿರಿ. 1908ರ ಕಾಯ್ದೆಯ ಬದಲಿಗೆ ಬಂದಿರುವ 2025ರ ಭಾರತೀಯ ಬಂದರು ಕಾಯ್ದೆ ಇಂಥ ರಾಜ್ಯ ಮಂಡಳಿಗಳನ್ನು ಗುರುತಿಸಿದೆ, ಬಂದರು ಬಳಸುವವರ ವ್ಯಾಜ್ಯಗಳಿಗೆ ರಾಜ್ಯ ಮಟ್ಟದಲ್ಲೇ ಸಮಿತಿಯನ್ನೂ ಅದರ ಮೇಲೆ ಹೈಕೋರ್ಟಿಗೆ ಮೇಲ್ಮನವಿಯನ್ನೂ ಕಲ್ಪಿಸಿದೆ. ಸುಂಕದ ವಿಚಾರವಾದರೆ ಯಾವ ಬಂದರಿನಲ್ಲಾದರೂ ಕೇಂದ್ರದ ಕಸ್ಟಮ್ಸ್ ಇಲಾಖೆಯನ್ನೇ ಕೇಳಬೇಕು. ದೀಪಸ್ತಂಭಗಳೂ ಅಷ್ಟೇ: ಕಾಪುವಿನ ದೀಪ ಆರಿದರೆ ಬೆಂಗಳೂರಿಗೆ ಬರೆದು ಪ್ರಯೋಜನವಿಲ್ಲ.