ಕಡಲ ಪಕ್ಕದ ಮನೆ ಬಾಗಿಲಿಗೆ ಯಾವ ಪಾಲಿಶ್?

ಪ್ರಶ್ನೆ (ಕಾರವಾರ): ಅಣ್ಣಾ, ಸಮುದ್ರದ ಹತ್ತಿರವೇ ನಮ್ಮ ಮನೆ. ಎದುರು ಬಾಗಿಲು ಸಾಗವಾನಿ, ಮುಖ ಪಶ್ಚಿಮಕ್ಕೆ. ಎರಡು ವರ್ಷದ ಹಿಂದೆ ಮೆಲಮೈನ್ ಪಾಲಿಶ್ ಮಾಡಿಸಿದ್ವಿ, ಕನ್ನಡಿ ಹಾಗೆ ಹೊಳೀತಿತ್ತು. ಈಗ ಕೆಳಗಡೆ ಒಂದು ಗೇಣು ಬಿಳಿಚಿಕೊಂಡಿದೆ, ಉಗುರಲ್ಲಿ ಕೆರೆದರೆ ಸಿಪ್ಪೆ ಏಳುತ್ತದೆ. ಮೇಲಿಂದ ಇನ್ನೊಂದು ಕೋಟ್ ಸಾಕಾ, ಪಿಯು (ಪಾಲಿಯುರೆಥೇನ್) ಪಾಲಿಶ್ ಮಾಡಿಸಬೇಕಾ?

ಉತ್ತರ: ಅಕ್ಕ, ಮೇಲಿಂದ ಹೊಡೆಸಬೇಡಿ, ದುಡ್ಡು ದಂಡ. ಅಡಿಯ ಪದರವೇ ಮರ ಬಿಟ್ಟಿದೆ, ಮೇಲಿನದು ಯಾವುದನ್ನು ಹಿಡಿದುಕೊಳ್ಳಬೇಕು? ಮೆಲಮೈನ್ ಕೆಟ್ಟದ್ದಲ್ಲ, ಒಳಗಿನ ಕಪಾಟಿಗೆ ನಾನು ಈಗಲೂ ಅದನ್ನೇ ಹೊಡೆಯುತ್ತೇನೆ. ಆದರೆ ಅದು ಗಡುಸು. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಸಂಜೆ ಬಿಸಿಲು ಬೇರೆ, ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಗೆ ಹೋಗಿ ಅಲ್ಲೇ ಕೂತುಬಿಡುತ್ತದೆ.

ಹಳೆಯದನ್ನು ಪೂರ್ತಿ ತೆಗೆಸಿ, 120 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 220 ಉಜ್ಜಿಸಿ. ಪಿಯು ತರುವಾಗ ಹೊರಗಿನ ಬಳಕೆಗೆ ಅಂತ ಡಬ್ಬದ ಮೇಲೆ ಇದೆಯಾ ನೋಡಿ, ಒಳಗಿನದ್ದು ಬಿಸಿಲು ತಡೆಯೋದಿಲ್ಲ. ಆತುರ ಬೇಡ, ಮಳೆ ಮುಗಿದು ದೀಪಾವಳಿ ಕಳೆಯಲಿ, ಮರ ಒಣಗಲಿ.

ಇನ್ನೊಂದು, ಬಾಗಿಲು ತೆರೆದು ಅಡಿಯ ಅಂಚಿಗೆ ಬೆರಳಾಡಿಸಿ. ತರಿತರಿ ಸಿಕ್ಕಿತಾ? ಹಾಗಾದರೆ ಅಲ್ಲಿ ಬರೀ ಮರ. ಬಾಗಿಲು ಕಳಚಿ ಮಾಡೋಕೆ ಬೇಜಾರು ಅಂತ ನಮ್ಮವರೇ ಎಷ್ಟೋ ಜನ ಅದನ್ನು ಬಿಟ್ಟುಬಿಡುತ್ತಾರೆ. ಮರ ನೀರು ಜಾಸ್ತಿ ಕುಡಿಯೋದು ಕೊಯ್ದ ತುದಿಯಿಂದಲೇ. ನಿಮ್ಮ ಆ ಒಂದು ಗೇಣಿನ ಕಥೆ ಅಲ್ಲಿಂದಲೇ ಶುರುವಾಗಿದೆ ಅನ್ನಿಸುತ್ತದೆ.

ಪ್ರಶ್ನೆ (ಶಿರಸಿ): ಅಣ್ಣ, ನಮ್ಮದು ಹಳೇ ಹೆಂಚಿನ ಮನೆ, ಹೆಂಚು ಹೊರುವ ಪಕಾಸಿಗೆ ಅಜ್ಜ ಗೇರುಸಿಪ್ಪೆ ಎಣ್ಣೆ ಬಳಿಯುತ್ತಿದ್ದರು. ಜಗಲಿಯ ಹಲಸಿನ ಕಂಬಕ್ಕೂ ಅದೇ ಆಗಬಹುದಾ?

ಉತ್ತರ: ಪಕಾಸಿಗೆ ಧಾರಾಳ ಬಳಿಯಿರಿ, ಗೆದ್ದಲಿಗೆ ಒಳ್ಳೆಯದು. ಕಂಬಕ್ಕೆ ಬೇಡ. ಮರ ಕಪ್ಪಾಗುತ್ತದೆ, ಹಲಸಿನ ಆ ಹಳದಿ ಬಣ್ಣ ಹೋದರೆ ಏನು ಚಂದ? ಹಸಿ ಇರುವಾಗ ಮೈಗೆ ತಾಗಿದರೆ ಬೊಬ್ಬೆಯೂ ಏಳುತ್ತದೆ, ಜಗಲಿ ಕಂಬಕ್ಕೆ ಒರಗದೆ ಇರೋರು ಯಾರು? ಅಗಸೆ ಎಣ್ಣೆ, ಅದೂ ಪೇಂಟ್ ಅಂಗಡಿಯ ಬೇಯಿಸಿದ್ದು, ತೆಳ್ಳಗೆ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿಬಿಡಿ. ದಪ್ಪ ಹಚ್ಚಿದರೆ ಅಂಟಂಟು. ಬಣ್ಣ ಸ್ವಲ್ಪ ಗಾಢ ಆಗುತ್ತದೆ, ಆದರೆ ಕಪ್ಪಾಗಲ್ಲ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ ಮತ್ತೆ, ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ಅಂಗಳದಲ್ಲಿ ಹರವಿ ಒಣಗಿಸಿ.

ಪ್ರಶ್ನೆ (ಕಾರವಾರ): ಅಣ್ಣಾ, ಬೆರಳಾಡಿಸಿ ನೋಡಿದೆ. ಬರೀ ಮರವೇ!